ಹೊಲಿಗೆ ಮಷಿನ್ ನಿಂತಾಗಲೆಲ್ಲ

ರೋಣದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಳಕೇಶನ ಮೋಟಾರ್ ರಿವೈಂಡಿಂಗ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ. ಆ ಕೋಣೆಯೇ ಅವನ ಮನೆ. ಒಂದು ಸೋಮವಾರ ಬೆಳಿಗ್ಗೆ ಅವನು ಶಟರ್ ಎತ್ತಿ ಕಸ ಗುಡಿಸುತ್ತಿದ್ದಾಗ ಪಕ್ಕದ ಮನೆಯ ಭಾರತಿ ಬಂದು ಬಾಗಿಲ ಹೊರಗೇ ನಿಂತಳು. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಹೊಲಿಗೆ ಮಷಿನ್ನಿನ ಎಣ್ಣೆಯ ಪುಟ್ಟ ಬಾಟಲಿ.

"ಮೂರು ದಿನಾ ಆತ್ರಿ, ನಿಮ್ಮಲ್ಲಿ ಯಾವುದೋ ಮೋಟಾರ್ ಭಾಳ ಚೀರಾಕತ್ತೈತಿ. ಬೇರಿಂಗ್ ಒಣಗಿರಬೇಕು. ಇದನ್ನ ಒಂದೆರಡು ಹನಿ ಬಿಟ್ಟು ನೋಡ್ರಿ."

ಕಳಕೇಶ ಪೊರಕೆ ಹಿಡಿದುಕೊಂಡೇ ನಿಂತ. ಚೀರುತ್ತಿದ್ದದ್ದು ಮೋಟಾರ್ ಅಲ್ಲ, ಅವನ ವಯೋಲಿನ್. ಆದರೆ ಮೂವತ್ತೊಂಬತ್ತರ ವಯಸ್ಸಿನಲ್ಲಿ ಒಬ್ಬ ರಿವೈಂಡಿಂಗ್ ಮಿಸ್ತ್ರಿ ಅದನ್ನು ಒಬ್ಬ ಹೆಂಗಸಿನ ಮುಂದೆ ಹೇಗೆ ಒಪ್ಪಿಕೊಳ್ಳುವುದು? ಹೌದ್ರಿ, ಬೇರಿಂಗೇ, ಅಂದುಬಿಟ್ಟ. ಎಣ್ಣೆಯ ಬಾಟಲಿಯನ್ನೂ ಇಸಿದುಕೊಂಡ. ಕೊಡುವಾಗ ಅವಳ ಬೆರಳ ತುದಿಗೆ ಸೂಜಿ ಚುಚ್ಚಿದ ಸಣ್ಣ ಸಣ್ಣ ಗುರುತುಗಳಿದ್ದುದು ಅವನ ಕಣ್ಣಿಗೆ ಬಿತ್ತು. ಅವಳು ಹೋದ ಮೇಲೂ ಅವನು ಸ್ವಲ್ಪ ಹೊತ್ತು ಅದೇ ಜಾಗವನ್ನು ಗುಡಿಸುತ್ತಿದ್ದ.

ವಯೋಲಿನ್ನಿನ ಹುಚ್ಚು ಅವನಿಗೆ ಹತ್ತಿದ್ದು ಗಜೇಂದ್ರಗಡದ ಒಂದು ಮದುವೆಯಲ್ಲಿ. ಹುಟ್ಟಿದೂರಿಗೆ ನೆಂಟನಾಗಿ ಹೋದವನನ್ನು ಜನರೇಟರ್ ಕೆಟ್ಟಿದೆ ಎಂದು ವೇದಿಕೆಯ ಹಿಂದೆ ಕರೆದೊಯ್ದಿದ್ದರು. ಅಲ್ಲಿ ಜನರೇಟರಿನ ಮೇಲೆ ಬಗ್ಗಿಕೊಂಡಿದ್ದಾಗಲೇ ವೇದಿಕೆಯಲ್ಲಿ ಯಾರೋ ವಯೋಲಿನ್ ಎತ್ತಿಕೊಂಡರು. ಇಪ್ಪತ್ತು ವರ್ಷ ಅವನ ಕಿವಿ ಮೋಟಾರುಗಳ ನಾಡಿ ಹಿಡಿದಿತ್ತು. ಯಾವುದು ಕಾಯಿಲ್ ಸುಟ್ಟ ಗುಂಯ್, ಯಾವುದು ಬುಷ್ ಸವೆದ ಗುರ್ ಎಂದು ದೂರದಿಂದಲೇ ಹೇಳುತ್ತಿದ್ದ. ಅಂಥ ಕಿವಿಗೆ ಆ ದನಿ ಎಲ್ಲಿಂದ ಹೊರಟಿತು ಎನ್ನುವುದೇ ತಿಳಿಯಲಿಲ್ಲ. ಊಟಕ್ಕೆ ಕರೆದವರಿಗೆ ಬಂದೆ, ಬಂದೆ ಎನ್ನುತ್ತ ರಿಪೇರಿ ಮುಗಿದ ಜನರೇಟರಿನ ಪಕ್ಕ ಒಂದು ತಾಸು ಕುಳಿತಿದ್ದ.

ರೋಣಕ್ಕೆ ಮರಳಿದವನೇ ಆನ್‌ಲೈನಿನಲ್ಲಿ ಒಂದು ಅಗ್ಗದ ವಯೋಲಿನ್ ತರಿಸಿದ. ಗದಗಿಗೆ ಹೋದರೆ ಕಲಿಸುವವರಿದ್ದರು. ಆದರೆ ಎಂಟು ವರ್ಷದ ಹುಡುಗಿಯರ ಸಾಲಿನಲ್ಲಿ ಗ್ರೀಸ್ ಹತ್ತಿದ ಅಂಗಿ ಹಾಕಿಕೊಂಡು ಕೂರಲು ಅವನಿಗೆ ನಾಚಿಕೆ. ಮೊಬೈಲ್ ಇತ್ತು, ವಿಡಿಯೋಗಳಿದ್ದವು. ಕಲಿಸುವವರು ಮಾತಾಡುವ ಭಾಗವನ್ನೆಲ್ಲ ಮುಂದೆ ಓಡಿಸಿ ಬಾರಿಸುವ ಭಾಗವನ್ನಷ್ಟೇ ನೋಡುತ್ತಿದ್ದ. ಮಿಸ್ತ್ರಿಗಳ ಸ್ವಭಾವವೇ ಹಾಗೆ, ಯಾವ ಯಂತ್ರ ಬಂದರೂ ಅದರ ಜೊತೆ ಬರುವ ಪುಸ್ತಕವನ್ನು ಓದುವುದಿಲ್ಲ.

ಭಾರತಿ ಕೊಟ್ಟ ಎಣ್ಣೆಯನ್ನು ನೋಡುತ್ತ ಕುಳಿತವನಿಗೆ ಅಂದು ಸಂಜೆ ಒಂದು ವಿಚಾರ ಹೊಳೆಯಿತು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಚೀರಿದರೆ ಎಣ್ಣೆ ಬಿಡಬೇಕು, ನಿಂತರೆ ದೋಷ ಹುಡುಕಬೇಕು. ಅವನ ಕಸುಬೆಲ್ಲ ಈ ಎರಡು ಮಾತಿನ ಮೇಲೆಯೇ ನಡೆದಿತ್ತು. ವಯೋಲಿನ್ ಬಾರಿಸುವ ಕಮಾನನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು, ಅದರ ಬಿಳಿ ಕೂದಲಿಗೆ ಈ ತುದಿಯಿಂದ ಆ ತುದಿಯವರೆಗೆ ಹನಿ ಹನಿಯಾಗಿ ಎಣ್ಣೆ ಬಿಟ್ಟ. ಬೆರಳಿನಿಂದ ನಯವಾಗಿ ಸವರಿದ. ಹೆಗಲಿಗೇರಿಸಿ ಎಳೆದ.

ವಯೋಲಿನ್ ತುಟಿ ಪಿಟಕ್ಕೆನ್ನಲಿಲ್ಲ. ಕಮಾನು ತಂತಿಯ ಮೇಲೆ ಜಾರಿ ಜಾರಿ ಹೋಯಿತು, ದನಿಯಿಲ್ಲ. ಇನ್ನೂ ಸಾಲದೇನೋ ಎಂದು ಮತ್ತಷ್ಟು ಎಣ್ಣೆ ಬಿಟ್ಟ.

ಹದಿನೈದು ದಿನ ಓಣಿಯೆಲ್ಲ ಶಾಂತವಾಗಿತ್ತು. ಹದಿನಾರನೆಯ ದಿನ ಭಾರತಿ ಮತ್ತೆ ಬಂದಳು. ಈ ಸಲ ಬಾಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡಿದ್ದಳು, ಯಾವುದೋ ಜಂಪರನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಂತಿತ್ತು. ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡು, ಆ ಮೋಟಾರನ್ನು ಒಯ್ದರೇನು ಎಂದು ಕೇಳಿದಳು. ಚೀರುತ್ತಿದ್ದರೂ ಸಂಜೆ ಹೊತ್ತಿಗೆ ಅದೊಂದು ಜೊತೆಯಾಗಿತ್ತಂತೆ. ಈಗ ಬೇಜಾರಾಗುತ್ತದಂತೆ.

ಕಳಕೇಶನಿಗೆ ಇನ್ನು ಸುಳ್ಳು ಹೇಳಲಾಗಲಿಲ್ಲ. ಒಳಗೆ ಹೋಗಿ ವಯೋಲಿನ್ ತಂದು ಟೇಬಲ್ ಮೇಲಿಟ್ಟ. ಎಣ್ಣೆ ಕುಡಿದ ಕಮಾನನ್ನೂ ಪಕ್ಕದಲ್ಲಿಟ್ಟ. ಆದದ್ದನ್ನೆಲ್ಲ ತಲೆ ತಗ್ಗಿಸಿಕೊಂಡು ಹೇಳಿದ.

ಭಾರತಿ ನಗಲಿಲ್ಲ. ಅಂದರೆ ತುಟಿ ನಗಲಿಲ್ಲ, ಕಣ್ಣು ನಕ್ಕವು. ಅವಳು ಕಮಾನಿನ ಕೂದಲನ್ನು ಎರಡು ಬೆರಳಿನಿಂದ ಮುಟ್ಟಿ, ಬೆರಳನ್ನು ಅವನ ಕಡೆಗೆ ತೋರಿಸಿದಳು. ಬೆರಳು ಮಿರಿಮಿರಿ ಮಿಂಚುತ್ತಿತ್ತು.

"ನಾ ಕೊಟ್ಟದ್ದನ್ನ ಪೂರಾ ಸುರುವೀರೇನ್ರಿ?"

"ಪೂರಾ."

"ಇದರ ಜೋಡಿ ಬಂದ ಸಾಮಾನು ಎಲ್ಲಾ ತೋರಸ್ರಿ."

ಡ್ರಾಯರಿನ ಮೂಲೆಯಿಂದ ಒಂದು ಪುಟ್ಟ ಡಬ್ಬಿ ಹೊರಬಿತ್ತು. ಒಳಗೆ ಕಂದು ಬಣ್ಣದ ಒಂದು ಗಟ್ಟಿ ಬಿಲ್ಲೆ. ಮರಕ್ಕೆ ಪಾಲಿಶ್ ಹಾಕಲು ಕೊಟ್ಟಿರಬೇಕೆಂದು ಅವನು ಅದನ್ನು ಮುಟ್ಟಿಯೇ ಇರಲಿಲ್ಲ. ಭಾರತಿ ಸೂಜಿಯಿಂದ ಅದನ್ನು ಕೆರೆದಳು, ಮೂಸಿದಳು, ಪುಡಿಯನ್ನು ಬೆರಳ ನಡುವೆ ತಿಕ್ಕಿದಳು. ಇದು ರಾಳ, ಧೂಪಕ್ಕೆ ಹಾಕುತ್ತಾರಲ್ಲ ಅಂಥದ್ದು ಎಂದಳು. ಅಂಟುತ್ತದೆ, ಹಿಡಿಯುತ್ತದೆ. ಗುಂಡಿ ಹಚ್ಚುವ ದಾರಕ್ಕೆ ನಾವು ಮೇಣ ತಿಕ್ಕುತ್ತೇವೆ, ಎಣ್ಣೆ ಹಚ್ಚುತ್ತೇವೆಯೇ? ಇದಕ್ಕೂ ಜಾರುವುದು ಬೇಡ, ಹಿಡಿಯುವುದು ಬೇಕು. ಮೊದಲ ದಿನಗಳಲ್ಲಿ ಅದು ಚೀರಿದ್ದು ತಯಾರಿಸಿದವರೇ ಹಚ್ಚಿ ಕಳಿಸಿದ್ದ ಒಂದಿಷ್ಟು ರಾಳದಿಂದ.

ಮೊದಲು ಎಣ್ಣೆ ಹೋಗಬೇಕಿತ್ತು. ಕಳಕೇಶ ಸ್ಕ್ರೂ ತಿರುವಿ ಕಮಾನಿನ ಕೂದಲನ್ನು ಸಡಿಲಿಸಿದ. ಭಾರತಿ ಮನೆಯಿಂದ ಬೋಗುಣಿ ತಂದು ಸೀಗೆಕಾಯಿ ಪುಡಿ ಕಲಸಿದಳು. ಅಂಗಡಿಯ ಮುಂದೆ, ನಾಲ್ಕು ಜನ ನೋಡುವ ಬೆಳಕಿನಲ್ಲಿ, ಅವನು ಕಮಾನಿನ ಕೋಲು ಹಿಡಿದುಕೊಂಡ, ಅವಳು ಕೂದಲು ತೊಳೆದಳು. ಎರಡು ಸಲ ತೊಳೆದು ಮೂರನೆಯ ಸಲ ನೀರು ಹಾಕುವಾಗ ಒಮ್ಮೆ ತಲೆಯೆತ್ತಿ ನೋಡಿದಳು.

"ಕುದರೀ ಕೂದಲೇನ್ರಿ ಇದು?"

"ಹೌದ್ರಿ."

"ಭಾಳ ಪುಣ್ಯಾ ಮಾಡೈತಿ. ನನ್ನ ಕೂದಲಾ ಯಾರೂ ಹಿಂಗ ಹಿಡಕೊಂಡು ಕುಂತಿಲ್ಲ."

ಹೇಳಿದ ಮೇಲೆ ಅವಳಿಗೇ ಸಂಕೋಚವಾಯಿತು. ಬೋಗುಣಿಯ ನೀರು ಚೆಲ್ಲುವ ನೆಪದಲ್ಲಿ ಎದ್ದು ಹೋದಳು. ಕಳಕೇಶನ ಕಿವಿ ಕೆಂಪಾಗಿದ್ದನ್ನು ಎದುರಿನ ಪಂಕ್ಚರ್ ಅಂಗಡಿಯ ಮಲಿಕಸಾಬ ಮಾತ್ರ ನೋಡಿದ, ನೋಡಿ ಟಯರಿನ ಕಡೆಗೆ ತಿರುಗಿದ.

ಭಾರತಿಗೆ ಮೂವತ್ತಾರು. ಗಂಡ ತೀರಿಕೊಂಡು ಏಳು ವರ್ಷ. ಚಿಕ್ಕನರಗುಂದದ ಗಂಡನ ಮನೆ ಬಿಟ್ಟು ರೋಣಕ್ಕೆ ಬಂದು, ತಂದೆಯ ತಂಗಿ ಮುದುಕವ್ವನ ಜೊತೆ ಇದ್ದಳು. ಜಂಪರು, ಶಾಲೆಯ ಯೂನಿಫಾರ್ಮು ಹೊಲಿದು ಬದುಕುತ್ತಿದ್ದಳು. ಓಣಿಯ ಹಿರಿಯರು ಕಿರಿಯರು ಎಲ್ಲರೂ ಅವಳನ್ನು ಅಕ್ಕಾರ ಎನ್ನುತ್ತಿದ್ದರು. ಅವಳ ಮಷಿನ್ ಇದ್ದದ್ದು ಕಳಕೇಶನ ಕೋಣೆಗೆ ಹೊಂದಿದ ಗೋಡೆಯ ಆಚೆ, ಕಿಟಕಿಯ ಪಕ್ಕ. ಇಬ್ಬರ ಕಿಟಕಿಗೂ ನಡುವೆ ಎರಡು ಮಾರು ದೂರ.

ರಾಳ ಹಚ್ಚಿದ ಮೇಲೆ ವಯೋಲಿನ್ನಿಗೆ ದನಿ ಬಂತು. ಬಂದ ದನಿ ಚೆನ್ನಾಗಿತ್ತು ಎಂದು ಹೇಳಿದರೆ ಸುಳ್ಳಾದೀತು. ಆದರೆ ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಒಂದು ತಾಸು, ಸಂಜೆ ಮುಚ್ಚಿದ ಮೇಲೆ ಒಂದು ತಾಸು ಕಳಕೇಶ ಬಿಡದೆ ಕುಳಿತ. ಕುತ್ತಿಗೆಯ ಎಡಕ್ಕೆ ಕಪ್ಪು ಕಲೆ ಬಿತ್ತು, ಬೆರಳ ತುದಿ ಗಟ್ಟಿಯಾಯಿತು. ಆರು ತಿಂಗಳಿಗೆ ಸರಿಗಮ ಒಂದು ಹದಕ್ಕೆ ಬಂತು. ಆಮೇಲೆ ಗೊತ್ತಿದ್ದ ಧಾಟಿಗಳನ್ನು ತಂತಿಯ ಮೇಲೆ ಹುಡುಕತೊಡಗಿದ. ತಾಯಿ ಬೀಸುವಾಗ ಹಾಡುತ್ತಿದ್ದದ್ದು, ಮದುವೆ ಮನೆಯ ಸೋಬಾನದ್ದು, ಭಜನೆಯವರು ಕೊನೆಗೆ ಎಳೆದು ಎಳೆದು ಹೇಳುವಂಥದ್ದು.

ಅವನಿಗೆ ಗುರು ಇರಲಿಲ್ಲ. ತಪ್ಪಾಯಿತೋ ಸರಿಯಾಯಿತೋ ಹೇಳುವವರಿರಲಿಲ್ಲ. ಗೋಡೆಯಾಚೆಯ ಮಷಿನ್ ಮಾತ್ರ ಇತ್ತು.

ಮೊದಲ ಸಲ ಅದು ನಿಂತದ್ದು ಸೋಬಾನದ ಧಾಟಿ ಬಾರಿಸುವಾಗ. ಒಂದೇ ಸಮ ಟಕಟಕ ಎನ್ನುತ್ತಿದ್ದದ್ದು ಎರಡನೆಯ ಸಾಲಿಗೆ ಬಂದೊಡನೆ ಗಕ್ಕನೆ ನಿಂತಿತು. ಕಳಕೇಶ ಕಮಾನು ತಡೆದ. ಎಲ್ಲೋ ಸ್ವರ ಬಿದ್ದಿರಬೇಕು, ಅವಳ ಕಿವಿಗೆ ಚುಚ್ಚಿರಬೇಕು. ಸರಿಗಮಕ್ಕೆ ಮರಳಿದ. ಸ್ವಲ್ಪ ಹೊತ್ತಿನ ಮೇಲೆ ಮಷಿನ್ ಮತ್ತೆ ಓಡಿತು. ಅವನು ನಿಟ್ಟುಸಿರು ಬಿಟ್ಟ. ಮರುದಿನ ಅದೇ ಧಾಟಿ ಎತ್ತಿದ, ಅದೇ ಜಾಗದಲ್ಲಿ ಅದು ಮತ್ತೆ ನಿಂತಿತು. ಆ ಧಾಟಿಯನ್ನು ಅಲ್ಲಿಗೇ ಕೈಬಿಟ್ಟ.

ಅಂದಿನಿಂದ ಅದೇ ಅವನ ಪರೀಕ್ಷೆ. ಮಷಿನ್ ಓಡುತ್ತಿದ್ದರೆ ಪಾಸು, ನಿಂತರೆ ನಪಾಸು. ಬೀಸುವ ಧಾಟಿಗೆ ನಿಂತಿತು, ಬಿಟ್ಟ. ಭಜನೆಯದಕ್ಕೆ ನಿಂತಿತು, ಬಿಟ್ಟ. ಒಂದು ದಿನ ಯಾವ ಧಾಟಿಯನ್ನೂ ಎತ್ತದೆ, ಒಂದೇ ಸ್ವರವನ್ನು ಕಮಾನಿನ ಉದ್ದಕ್ಕೂ ನಿಧಾನವಾಗಿ ಎಳೆದ. ಅದಕ್ಕೂ ನಿಂತಿತು. ಅದನ್ನೂ ಬಿಟ್ಟ. ವರ್ಷ ತಿರುಗುವಷ್ಟರಲ್ಲಿ ಅವನ ಬಳಿ ಉಳಿದದ್ದು ಸರಿಗಮ ಮತ್ತು ಯಾವುದೋ ಹಳೇ ಮೊಬೈಲಿನ ರಿಂಗ್‌ಟೋನು. ಅವೆರಡಕ್ಕೂ ಮಷಿನ್ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಅವನು ಅವೆರಡನ್ನೇ ಅಚ್ಚುಕಟ್ಟಾಗಿ ಬಾರಿಸುತ್ತಿದ್ದ.

ಭಾರತಿ ಎದುರಾದರೆ ಮಾತಾಡುತ್ತಿದ್ದಳು, ಆದರೆ ಮೊದಲಿನ ಸಲಿಗೆ ಇರಲಿಲ್ಲ. ತನ್ನ ಕರ್ಕಶ ಸಹಿಸಿ ಸಹಿಸಿ ಬೇಸತ್ತಿರಬೇಕು ಎಂದುಕೊಂಡ. ಸಂಜೆಯ ಒಂದು ತಾಸನ್ನು ಅರ್ಧಕ್ಕಿಳಿಸಿದ. ಅವಳಿಗೆ ತೊಂದರೆ ಕೊಡಬಾರದು ಎನ್ನುವುದು ಒಂದು. ಅವಳು ಮೆಚ್ಚಬೇಕು ಎನ್ನುವುದು ಇನ್ನೊಂದು. ಎರಡನೆಯದನ್ನು ಅವನು ತನ್ನೊಳಗೂ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ.

ಯುಗಾದಿ ಕಳೆದ ವಾರ ಮುದುಕವ್ವ ಕೆಟ್ಟ ಮಿಕ್ಸರ್ ಹಿಡಿದುಕೊಂಡು ಅಂಗಡಿಗೆ ಬಂದಳು. ಸ್ಟೂಲಿನ ಮೇಲೆ ಕುಳಿತು ಮಿಕ್ಸರಿನ ಮಾತು ಬಿಟ್ಟು ಬೇರೆಯದನ್ನೇ ಹೇಳಿದಳು. ಭಾರತಿಯ ಅಣ್ಣ ಗುರುಪಾದ ನರಗುಂದದಲ್ಲಿ ಬಟ್ಟೆ ಅಂಗಡಿ ತೆಗೆದಿದ್ದಾನೆ. ತಂಗಿ ಬಂದು ಅಲ್ಲೇ ಮಷಿನ್ ಹಾಕಿಕೊಂಡು ಕೂರಲಿ ಎಂದು ಒಂದು ವರ್ಷದಿಂದ ಕರೆಯುತ್ತಿದ್ದ. ಅವಳು ಯೂನಿಫಾರ್ಮಿನ ಸೀಜನ್ ಅಂದಳು, ಮುದುಕವ್ವನ ಮೊಣಕಾಲು ನೋವು ಅಂದಳು, ಹೀಗೇ ಮುಂದೂಡುತ್ತ ಬಂದಿದ್ದಳು. ಮೊನ್ನೆ ಹೂಂ ಅಂದಿದ್ದಾಳೆ. ಶುಕ್ರವಾರ ಟೆಂಪೋ ಬರುತ್ತದೆ.

ಕಳಕೇಶನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮಿಕ್ಸರಿನ ತಳದಲ್ಲೇ ಉಳಿಯಿತು.

"ಓಣ್ಯಾಗಿನ ಮುದುಕ್ರೂ ಆಕಿಗೆ ಅಕ್ಕಾರ ಅಂತಾರ. ನೀ ಎರಡು ವರ್ಷದಾಗ ಒಮ್ಮೇನೂ ಅಂದಿಲ್ಲ. ನನ್ನ ಮೊಣಕಾಲು ಹೋಗ್ಯಾವ, ಕಿವಿ ಇನ್ನೂ ಚಲೋ ಅದಾವ," ಎಂದಳು ಮುದುಕವ್ವ.

ಅವನು ಸ್ಕ್ರೂಡ್ರೈವರನ್ನು ಹೊರಗೆಳೆದು ಟೇಬಲ್ ಮೇಲಿಟ್ಟು, ನನ್ನ ಬಾರಿಸಾಣಿಕಿ ಆಕೆಗೆ ಸೇರುವುದಿಲ್ಲ, ಆಯಿ, ಎಂದ. ಮುದುಕವ್ವ ಅವನ ಮುಖವನ್ನೊಮ್ಮೆ ನೋಡಿದಳು. ಗುರುವಾರ ಸಂಜೆ ಮನೆಗೆ ಬಂದು ಮಷಿನ್ನನ್ನು ಸ್ಟ್ಯಾಂಡಿನಿಂದ ಬಿಚ್ಚಿಕೊಡು, ಟೆಂಪೋದಲ್ಲಿ ಹಾಗೆಯೇ ಹಾಕಿದರೆ ಮುರಿಯುತ್ತದೆ ಎಂದು ಹೇಳಿ ಎದ್ದಳು. ಮಿಕ್ಸರಿನಲ್ಲಿ ಯಾವ ದೋಷವೂ ಇರಲಿಲ್ಲವೆಂಬುದು ಅವನಿಗೆ ಆಮೇಲೆ ಗೊತ್ತಾಯಿತು.

ಗುರುವಾರ ಅವನು ಪಾನಾ, ಸ್ಕ್ರೂಡ್ರೈವರ್ ಹಿಡಿದುಕೊಂಡು ಹೋದಾಗ ಮುದುಕವ್ವ ಹೊರಗಟ್ಟೆಯ ಮೇಲೆ ಕುಳಿತು ಕಡಲೆ ಆರಿಸುತ್ತಿದ್ದಳು. ಒಳಗೆ ಬಟ್ಟೆಯ ಗಂಟುಗಳು ಬಾಗಿಲ ಬಳಿ ಸಾಲಾಗಿದ್ದವು. ಕಳಕೇಶ ಮಷಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೆಲ್ಟ್ ಬಿಚ್ಚಿದ. ಎರಡು ವರ್ಷ ಗೋಡೆಯಾಚೆಯಿಂದ ಕೇಳಿದ್ದ ಮಷಿನ್ನನ್ನು ಅವನು ಮುಟ್ಟಿದ್ದು ಅದೇ ಮೊದಲು. ಭಾರತಿ ಬಿಚ್ಚಿದ ಬೋಲ್ಟುಗಳನ್ನು ಒಂದು ಡಬ್ಬಿಗೆ ಹಾಕುತ್ತ ಪಕ್ಕದಲ್ಲಿ ನಿಂತಿದ್ದಳು. ಅವನು ಮೂರನೆಯ ಬೋಲ್ಟ್ ಕೊಡುವಾಗ ಅವಳು ಕೇಳಿದಳು.

"ಹೋಗೂಕಿಂತ ಮೊದಲ ಒಂದು ಮಾತು ಕೇಳತೀನಿ, ಖರೇ ಹೇಳ್ರಿ. ನಾ ನಿಮ್ಮ ವಾಯ್ಲಿನ್ ಕೇಳೂದು ನಿಮಗ್ಯಾಕ ಬ್ಯಾಡಾಗಿತ್ತು?"

ಕಳಕೇಶ ತಲೆಯೆತ್ತಿದ. "ನನಗ ಬ್ಯಾಡಾಗಿತ್ತಾ?"

"ಮತ್ತ? ನಾ ಮಷಿನ್ ನಿಂದರಿಸಿ ಕೇಳಾಕ ಕುಂತ ಕೂಡ್ಲೆ ನೀವು ಬಾರಸೂದು ಬಿಡತಿದ್ರಿ. ಆ ಸೋಬಾನದ್ದು ಎಷ್ಟು ಚಲೋ ಇತ್ತು. ನಾ ಕಿವಿಗೊಟ್ಟೆ, ನೀವು ಬಿಟ್ರಿ. ಆ ಬೀಸೂ ಪದಾನೂ ಹಂಗ. ನಾ ಯಾವುದು ಕೇಳತೀನೋ ಅದನ್ನ ಮತ್ತ ಮುಟ್ಟತಿರಲಿಲ್ಲ. ವರ್ಷಗಟ್ಟಲೆ ಬರೇ ಆ ರಿಂಗ್‌ಟೋನು. ಈ ಮನಷ್ಯಾಗ ನಾ ಕೇಳೂದು ಬ್ಯಾಡಾಗೈತಿ ಅಂತ ತಿಳಕೊಂಡೆ. ಅದಕ್ಕ ಅಣ್ಣಗ ಹೂಂ ಅಂದೆ."

ಅವನು ಪಾನಾವನ್ನು ನೆಲದ ಮೇಲಿಟ್ಟ. ಒಂದು ವರ್ಷ, ಮುನ್ನೂರ ಅರವತ್ತೈದು ಸಂಜೆ, ಅವಳಿಗೆ ಹಿಡಿಸಿದ್ದನ್ನೇ ಹುಡುಕಿ ಹುಡುಕಿ ಕೈಬಿಟ್ಟಿದ್ದ.

"ಮಷಿನ್ ನಿಂತ್ರ ಎಲ್ಲೋ ತಪ್ಪಾಗೇತಿ ಅಂತ ತಿಳಕೊಂಡ್ನಿರಿ. ನನ್ನ ಕಸುಬು ಅದ ಅಲ್ರಿ. ಮಷಿನ್ ಓಡಿದ್ರ ಚಲೋ, ನಿಂತ್ರ ದೋಷ."

"ನಿಂತದ್ದು ಮಷಿನ್ ಅಲ್ರಿ," ಎಂದಳು ಭಾರತಿ. "ನಾನು."

ಮೊದಲು ಅವಳಿಗೆ ನಗು ಬಂತು. ನಗುತ್ತ ನಗುತ್ತ ಬಟ್ಟೆಯ ಗಂಟಿನ ಮೇಲೆ ಕುಳಿತಳು. ಆಮೇಲೆ ಕಣ್ಣು ತುಂಬಿದವು. ಅದನ್ನು ಅವಳು ಮುಚ್ಚಿಡಲು ಹೋಗಲಿಲ್ಲ. ಕಳಕೇಶ ಬೋಲ್ಟಿನ ಡಬ್ಬಿಯನ್ನು ಎತ್ತಿ ಆಚೆಗಿಟ್ಟು, ನೆಲದ ಮೇಲೆ ಸರಿಯಾಗಿ ಕುಳಿತು, ಅವಳ ಮುಖವನ್ನೇ ನೋಡಿ ಹೇಳಿದ.

"ನೀವಂದ್ರ ನನಗ ಭಾಳ ಜೀವ್ರಿ. ಎಣ್ಣಿ ತಂದು ಕೊಟ್ಟ ದಿನದಿಂದಾನ. ಹೋಗಬ್ಯಾಡ್ರಿ."

ಹೊರಗೆ ಕಡಲೆ ಆರಿಸುವ ಸಪ್ಪಳ ಕೇಳಿಸುತ್ತಿರಲಿಲ್ಲ. ಭಾರತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಉತ್ತರ ಅವನು ಅಂದುಕೊಂಡಂತೆ ಇರಲಿಲ್ಲ.

"ನಾ ಹೋಗತೀನ್ರಿ. ಅಣ್ಣಗ ಮಾತು ಕೊಟ್ಟೀನಿ, ಆತ ಅಂಗಡ್ಯಾಗ ಜಾಗಾ ಮಾಡ್ಯಾನ. ನಿಮಗ ಬೇಕಾಗಿದ್ರ ನರಗುಂದಕ್ಕ ಬರ್ರಿ. ಹಗಲಾಗ ಬರ್ರಿ, ಹಿರ್ಯಾರನ್ನ ಕರಕೊಂಡು ಬರ್ರಿ, ನಮ್ಮಣ್ಣನ ಮುಂದ ಕುಂತು ಕೇಳ್ರಿ. ಆತ ಒಲ್ಲೆ ಅಂದ್ರ ನಾ ಓಡಿ ಬರಾಕಿ ಅಲ್ಲ. ಒಮ್ಮೆ ಮನಿ ಮುರದೈತಿ ನಂದು. ಈ ಸಲ ಎಲ್ಲಾರ ಮುಂದ ಆಗಬೇಕು."

ಅವನು ತಲೆಯಾಡಿಸಿದ. ಉಳಿದ ಒಂದು ಬೋಲ್ಟನ್ನೂ ಬಿಚ್ಚಿದ. ಮಷಿನ್ನನ್ನು ಹಳೆಯ ಕೌದಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಬಾಗಿಲ ಬಳಿ ಇಟ್ಟ. ಮರುದಿನ ಟೆಂಪೋ ಬಂದಾಗ ತಾನೇ ಎತ್ತಿ ಏರಿಸಿದ.

ಹಿರಿಯರನ್ನು ಹೊಂದಿಸುವುದೇ ಕಷ್ಟವಾಯಿತು. ತಂದೆ ತಾಯಿ ಇರಲಿಲ್ಲ. ಗಜೇಂದ್ರಗಡದ ಅಕ್ಕ ಭಾವ, ಗಂಡ ಸತ್ತವಳನ್ನು ಕೇಳಲು ನಾವು ಹೇಗೆ ಬರುವುದು ಎಂದು ಹಿಂದೆ ಮುಂದೆ ನೋಡಿದರು. ಎರಡು ವಾರ ಕಳೆಯಿತು. ಮೂರನೆಯ ವಾರ, ರೋಣದಲ್ಲೇ ಉಳಿದಿದ್ದ ಮುದುಕವ್ವ ಇಳಕಲ್ ಸೀರೆ ಉಟ್ಟು ಅಂಗಡಿಯ ಮುಂದೆ ನಿಂತು, ನಡಿ, ನಾನೇ ಬರುತ್ತೇನೆ, ಆ ವಯೋಲಿನ್ನಿನ ಪೆಟ್ಟಿಗೆಯನ್ನೂ ತಗೋ ಎಂದಳು.

ನರಗುಂದದ ಗುಡ್ಡದ ಕೆಳಗಿನ ಓಣಿಯಲ್ಲಿ ಗುರುಪಾದನ ಮನೆ. ಅವನು ಕಟ್ಟುನಿಟ್ಟಿನ ವ್ಯಾಪಾರಸ್ಥ. ಜಮಖಾನೆ ಹಾಸಿ, ಅವಲಕ್ಕಿ ಕೊಡಿಸಿ, ಅತ್ತೆ ಕಳಕೇಶನ ಪಕ್ಕ ಕುಳಿತದ್ದನ್ನು ನೋಡಿ ಹುಬ್ಬು ಗಂಟಿಕ್ಕಿದ. ಅತ್ತೆ ಹೆಣ್ಣಿನ ಕಡೆಯವಳಲ್ಲವೇ, ಈ ಕಡೆ ಕೂರಬೇಕಲ್ಲವೇ ಎಂದ.

"ಇವತ್ತ ನಾ ಗಂಡಿನ ಕಡ್ಯಾಕಿ," ಎಂದಳು ಮುದುಕವ್ವ. "ಗಂಡಾ ಸತ್ತಾಕಿಗೆ ಉಡಿಕಿ ಮಾಡಿ ಮತ್ತೊಂದು ಮನಿ ಸೇರಸೂದು ನಮ್ಮ ಮಂದ್ಯಾಗ ಹೊಸಾದಲ್ಲ. ನಮ್ಮ ಹುಡುಗಗ ನಿಮ್ಮ ಹುಡುಗಿ ಬೇಕಾಗ್ಯಾಳ, ಕೇಳಾಕ ಬಂದೀವಿ."

ಗುರುಪಾದ ಕಳಕೇಶನನ್ನು ಮೇಲಿಂದ ಕೆಳಗೆ ನೋಡಿದ. ಅಂಗಡಿ ವಿಚಾರಿಸಿದ, ವಯಸ್ಸು ವಿಚಾರಿಸಿದ, ಕುಡಿತವಿದೆಯೇ ಎಂದು ನೇರವಾಗಿಯೇ ಕೇಳಿದ. ಆಮೇಲೆ ಅವನ ದೃಷ್ಟಿ ಪೆಟ್ಟಿಗೆಯ ಮೇಲೆ ಬಿತ್ತು. ಹೆಣ್ಣು ನೋಡಲು ಹೋದವರು ಹುಡುಗಿಗೆ ಒಂದು ಹಾಡು ಹೇಳಮ್ಮ ಎನ್ನುವುದು ಎಲ್ಲ ಕಡೆ ಇರುವ ಪದ್ಧತಿ. ಗುರುಪಾದ ಅದನ್ನು ತಿರುಗಿಸಿಬಿಟ್ಟ. ತಂಗಿ ಇದರ ವಿಷಯ ಬಹಳ ಹೇಳಿದ್ದಾಳೆ, ಒಂದಿಷ್ಟು ಬಾರಿಸಿ, ನಾವೂ ಕೇಳೋಣ ಎಂದ.

ಕಳಕೇಶ ವಯೋಲಿನ್ ಹೆಗಲಿಗೇರಿಸಿದ. ಒಳಬಾಗಿಲಲ್ಲಿ ಭಾರತಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅವನು ನೋಡಿದ, ನೋಡಬಾರದಿತ್ತು. ತಲೆಯಲ್ಲಿದ್ದ ಧಾಟಿಗಳೆಲ್ಲ ಒಮ್ಮೆಲೇ ಖಾಲಿಯಾದವು. ಬೆರಳಿಗೆ ಬಂದದ್ದು ಸರಿಗಮ ಒಂದೇ. ಏರುವಾಗ ಹೇಗೋ ಏರಿದ, ಇಳಿಯುವಾಗ ಎರಡು ಸ್ವರ ಜಾರಿದವು, ಕಮಾನು ನಡುಗಿ ತಂತಿ ಕಿರ್ ಎಂದಿತು. ಗುರುಪಾದನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಕಮಾನು ಇಳಿಸಿದ. ಬೆವರು ಕಣ್ಣಿಗಿಳಿಯುತ್ತಿತ್ತು.

"ಇನ್ನೂ ಬರಂಗಿಲ್ರಿ. ಕಲ್ಯಾಕತ್ತೀನಿ," ಎಂದ.

ಗುರುಪಾದ ತಂಗಿಯ ಕಡೆಗೆ ತಿರುಗಿದ. ಭಾರತಿ ನಗುತ್ತಿರಲಿಲ್ಲ, ನಾಚಿಕೆಪಡುತ್ತಲೂ ಇರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲವೆಂಬಂತೆ ಆ ಬೆವರಿದ ಮುಖವನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ತಂಗಿಯ ಮುಖ ಹೀಗಿದ್ದುದನ್ನು ಗುರುಪಾದ ನೋಡಿರಲಿಲ್ಲ. ಅವನು ಮುದುಕವ್ವನನ್ನು ನೋಡಿದ.

"ಅತ್ತಿ, ಇಷ್ಟು ಕೆಟ್ಟ ಬಾರಸಾವನ್ನ ಈಕಿ ಎರಡು ವರ್ಷ ಕುಂತು ಕೇಳ್ಯಾಳಂದ್ರ, ಇನ್ನ ನಾ ಈಕಿಗೆ ಕೇಳೂದು ಏನೈತಿ? ತಾರೀಖು ನೋಡ್ರಿ."

ಮುದುಕವ್ವ ಗೋಡೆಯ ಮೇಲಿನ ಕ್ಯಾಲೆಂಡರ್ ತರಲು ಹೇಳಿದಳು. ಭಾರತಿ ಮುಂದೆ ಬಂದು ಚಹಾದ ತಟ್ಟೆಯನ್ನು ಮೊದಲು ಕಳಕೇಶನ ಮುಂದೆ ಹಿಡಿದಳು.